ಭಾಂಡೆ ಅಂಗಡಿಯ ಉಲ್ಟಾ ಅಕ್ಷರಗಳು

ಇಪ್ಪತ್ತಾರನೇ ವಯಸ್ಸಿಗೆ ನಾನು ನಿವೃತ್ತಳಾದೆ. ಶಾಲು, ಹಾರ, ಗ್ರೂಪ್ ಫೋಟೋ ಯಾವುದೂ ಇರಲಿಲ್ಲ. ಹುಮನಾಬಾದಿನಲ್ಲಿ ಪಾಠ ಮುಗಿಸಿ ಬಸವಕಲ್ಯಾಣಕ್ಕೆ ಕೊನೆಯ ಸಲ ಬರುವಾಗ ಬೀಳ್ಕೊಡುಗೆ ಭಾಷಣವನ್ನು ಬಸ್ಸಿನಲ್ಲಿ ಕೂತು ನಾನೇ ಮನಸ್ಸಿನಲ್ಲಿ ಮಾಡಿಕೊಂಡೆ, ನಾನೇ ಚಪ್ಪಾಳೆ ತಟ್ಟಿದೆ. ಪಕ್ಕದ ಸೀಟಿನ ಹೆಂಗಸು ಸೊಳ್ಳೆ ಬಂದಿರಬೇಕು ಅಂದುಕೊಂಡು ಸೆರಗು ಝಾಡಿಸಿಕೊಂಡಳು.

ಆರು ವರ್ಷ ಈ ಎರಡೂರುಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳಿಗೆ ಪಾಠ ಹೇಳಿದೆ. ಈಗ ಬೇರೆ ಕೆಲಸ ಸಿಕ್ಕಿದೆ. ಅದರ ಸುದ್ದಿ ಇಲ್ಲಿ ಬೇಡ, ಅಲ್ಲಿ ಯಾರೂ ನಗುವುದಿಲ್ಲ. ನನ್ನ ಮನೆಪಾಠಗಳನ್ನು ಈಗ ನನ್ನ ಸೋದರಮಾವನ ಮಗಳು ರೇಖಾ ವಹಿಸಿಕೊಂಡಿದ್ದಾಳೆ. 'ಅಕ್ಕ, ಏನೇನು ಗೊತ್ತಿರ್ಬೇಕು, ಒಂದೇ ಮಾತಿನಾಗ ಹೇಳು' ಅಂದಳು. ಒಂದೇ ಮಾತಿನಲ್ಲಿ ಹೇಳಿದೆ: 'ಸೀಸದಕಡ್ಡಿ ನೀನೇ ಒಯ್ಯಿ, ಅವರ ಮನ್ಯಾಗ ಇರಂಗಿಲ್ಲ.' ಉಳಿದ ಮಾತುಗಳಿಗೆ ನನ್ನ ಡೈರಿಗಳನ್ನು ಹರವಿಕೊಂಡು ಕೂತಿದ್ದೇನೆ.

ಡೈರಿಯ ಚಟ ನನಗೆ ಮೊದಲಿನಿಂದಲೂ ಇದೆ. ವಾರ, ಮನೆ, ಮಗುವಿನ ಹೆಸರು, ಹೇಳಿದ ಪಾಠ, ಆದ ತಪ್ಪು. ತಪ್ಪಿಗೊಂದು ಕಡ್ಡಿಗೆರೆ, ನಾಲ್ಕಾದ ಮೇಲೆ ಐದನೆಯದು ಅಡ್ಡ. ಕೊನೆಯಲ್ಲಿ ಅವರ ಮನೆಯಲ್ಲಿ ಕೊಟ್ಟ ತಿಂಡಿಗೂ ಒಂದು ಸಾಲು ಇಟ್ಟಿದ್ದೆ. ಈಗ ತಿರುವಿ ಹಾಕಿದರೆ ಕೆಲವು ಮಕ್ಕಳ ಮುಖ ಮರೆತಿದೆ, ಅವರ ಮನೆಯ ಚುರುಮುರಿ ಸುಸಲಾ ಮರೆತಿಲ್ಲ.

ಮೊದಲನೇ ದಿನದ ಎಡವಟ್ಟಿನಿಂದಲೇ ಶುರು ಮಾಡುತ್ತೇನೆ. ಬಸವಕಲ್ಯಾಣದ ಕೋಟೆ ಕಡೆಯ ಒಂದು ಓಣಿ. ಹಸಿರು ಬಾಗಿಲಿನ ಮನೆ ಅಂದಿದ್ದರು, ಹಸಿರು ಬಾಗಿಲು ತಟ್ಟಿದೆ. ಒಬ್ಬ ಹುಡುಗ ಸಿಕ್ಕ, ಕೂಡಿಸಿಕೊಂಡು ಒಂದು ತಾಸು ಮಗ್ಗಿ ಹೇಳಿಸಿದೆ. ಅವನ ತಾಯಿ ಚಹಾ ತಂದುಕೊಟ್ಟು, 'ಮತ್ತ ನಮ್ಮ ರೇಷನ್ ಕಾರ್ಡು ಯಾವಾಗ ಬರ್ತದ್ರಿ ಮೇಡಮ್?' ಅಂದಳು. ನಾನು ಹೋಗಬೇಕಾದ ಹಸಿರು ಬಾಗಿಲು ಮುಂದಿನ ಸಂದಿಯಲ್ಲಿತ್ತು. ಸರ್ಕಾರದವರು ಕಾರ್ಡು ಕೊಡುವ ಮೊದಲು ಮಕ್ಕಳ ಮಗ್ಗಿ ಪರೀಕ್ಷೆ ಮಾಡುತ್ತಾರೆ ಅಂತ ಆ ಓಣಿಯಲ್ಲಿ ಸುದ್ದಿ ಹಬ್ಬಿ, ಒಂದು ವಾರ ಮನೆಮನೆಯಿಂದ ಮಗ್ಗಿ ಕೇಳುತ್ತಿತ್ತು. ನನ್ನಿಂದ ಆ ಊರಿಗೆ ಆದ ದೊಡ್ಡ ಉಪಕಾರ ಅದೇ.

ಇನ್ನೊಂದು ಮನೆಯಲ್ಲಿ ತಂದೆ ಮಗನ ಪಕ್ಕವೇ ಕೂಡುತ್ತಿದ್ದರು. ನಾನು ಪ್ರಶ್ನೆ ಕೇಳಿದರೆ ಮಗನಿಗಿಂತ ಮೊದಲು ಅವರು ಉತ್ತರ ಕೊಡುತ್ತಿದ್ದರು. ತಪ್ಪು ಉತ್ತರ. ಮಗನಿಗೆ ತಿದ್ದುವ ಹಾಗಿಲ್ಲ, ನನಗೆ ಗೆರೆ ಎಳೆಯುವ ಹಾಗಿಲ್ಲ. ಕೊನೆಗೆ ಅವರಿಗೇ ಗುಟ್ಟಾಗಿ ಒಂದು ಪುಟ ಮಾಡಿಕೊಂಡೆ. ಪರೀಕ್ಷೆಯ ಹೊತ್ತಿಗೆ ಇಬ್ಬರೂ ಸುಧಾರಿಸಿದ್ದರು.

ರೇಖಾ, ಇದನ್ನು ನೆನಪಿಡು. ನಮ್ಮ ಈ ಕೆಲಸದಲ್ಲಿ ಮೇಲಧಿಕಾರಿ ಯಾರು ಅಂತ ಮೊದಲನೇ ದಿನವೇ ಪತ್ತೆ ಮಾಡಬೇಕು. ಕರೆದವರು ತಾಯಿ ಇರಬಹುದು, ಮಾತಾಡಿದವರು ತಂದೆ ಇರಬಹುದು. ಆದರೆ ಮೇಲಧಿಕಾರಿ ಸಾಮಾನ್ಯವಾಗಿ ಅಜ್ಜಿ. ನನಗೆ ಸಿಕ್ಕ ಮೇಲಧಿಕಾರಿಗಳಲ್ಲಿ ಎಲ್ಲರಿಗಿಂತ ಜಬರ್ದಸ್ತ್ ಅಂದರೆ ಹುಮನಾಬಾದಿನ ಭಾಂಡೆ ಅಂಗಡಿಯ ಆಯಿ.

ಬಜಾರಿನಲ್ಲಿ ಅವರ ಅಂಗಡಿ. ಕೊಡ, ಪರಾತ, ಬೋಗಾಣಿ, ತಾಟು, ಮದುವೆಗೆ ಬೇಕಾದ ಭಾಂಡೆಗಳೆಲ್ಲ ಅಲ್ಲಿ. ಗಲ್ಲಾದ ಹಿಂದೆ ಆಯಿ, ಅಂದರೆ ಅಜ್ಜಿ. ಎದುರು ಕಟ್ಟೆಯ ಮೇಲೆ ಮಹಬೂಬ್ ಚಾಚಾ ಸಣ್ಣ ಉಳಿ, ಸುತ್ತಿಗೆ ಹಿಡಿದು ಭಾಂಡೆಗಳ ಮೇಲೆ ಚುಕ್ಕಿ ಚುಕ್ಕಿ ಬಡಿದು ಹೆಸರು ಹಾಕುತ್ತಾರೆ. ನಮ್ಮ ಕಡೆ ಹೆಸರಿಲ್ಲದ ಭಾಂಡೆ ಮದುವೆಗೆ ಒಯ್ಯುವವರಿಲ್ಲ. ಯಾರು ಕೊಟ್ಟರು ಅಂತ ಮುಂದಿನ ಮೂರು ತಲೆಮಾರಿಗೆ ತಿಳಿಯಬೇಕಲ್ಲ.

ದಸರಾ ರಜೆ ಮುಗಿದ ಮೊದಲನೇ ಸೋಮವಾರ ಹೋದೆ. ಆಯಿ ಕನ್ನಡಕದ ಮೇಲಿನಿಂದ ನೋಡಿದರು.

'ನೀನೇ ಏನವಾ ಟ್ಯೂಷನ್ ಪೋರಿ?'

'ಹೌದ್ರಿ.'

'ಎಷ್ಟು ಸಾಲಿ ಕಲ್ತಿ?'

'ಬಿ.ಎ. ಆಗ್ಯದ್ರಿ. ಬಿ.ಎಡ್ ಮಾಡಾಕತ್ತೇನ್ರಿ.'

'ಅಷ್ಟು ಕಲ್ತು ಇಷ್ಟು ತೆಳ್ಳಗ ಅದಿ? ನಮ್ಮ ಪೋರಿ ನೋಡು, ಒಂದನೇತ್ತಾ ಮುಗಿದಿಲ್ಲ, ಹ್ಯಾಂಗ ದುಂಡಗ ಅದಾಳ!'

ದುಂಡಗಿದ್ದ ಪೋರಿಯ ಹೆಸರು ಅಂಬಿಕಾ, ಎಲ್ಲರ ಬಾಯಲ್ಲೂ ಅಂಬು. ಏಳು ವರ್ಷ ನಡೆಯುತ್ತಿತ್ತು. ಬೋರಲಿಟ್ಟ ಒಂದು ಕೊಡದ ಮೇಲೆ ಕೂತು ಕಾಲು ಆಡಿಸುತ್ತಿದ್ದಳು. ಅವಳ ತಾಯಿ ಸಂಗೀತಾ ನನ್ನನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದರು. ಅಂಬು ಅಕ್ಷರ, ಅಂಕಿ ಎರಡನ್ನೂ ತಿರುಗಿಸಿ ಬರೆಯುತ್ತಾಳೆ. 'ಕಣ್ಣಿನ ಡಾಕ್ಟರಿಗೆ ತೋರ್ಸೀವ್ರಿ, ಕಣ್ಣು ಬರೋಬರಿ ಅದಾವಂತ.' ಶಾಲೆಯ ದೊಡ್ಡ ಟೀಚರ್ ಒಂದು ಮಾತು ಹೇಳಿ ಕಳಿಸಿದ್ದರು. ವರ್ಷದ ಕೊನೆಗೆ ಅವರ ಮುಂದೆ ಅಂಬು ಒಂದು ಪಾಠ ಓದಬೇಕು, ನೂರರ ತನಕ ಬೋರ್ಡಿನ ಮೇಲೆ ಬರೆಯಬೇಕು. ಆಗದಿದ್ದರೆ ಇನ್ನೊಂದು ವರ್ಷ ಒಂದನೇತ್ತಾದಲ್ಲೇ, ಅಂದರೆ ಒಂದನೇ ತರಗತಿಯಲ್ಲೇ, ಕೂಡಲಿ. ಅವಳ ದೊಡ್ಡಪ್ಪನ ಮಗ ಓಂಕಾರ ಅದೇ ಮನೆಯವನು, ಅದೇ ವಯಸ್ಸು, ಶಾಲೆಯಲ್ಲಿ ಅದೇ ಬೆಂಚು. ಅವನು ಮುಂದೆ ಹೋಗುತ್ತಾನೆ.

ಕೊಡದ ಮೇಲಿಂದ ಅಂಬುವಿನ ಧ್ವನಿ ಬಂತು. 'ಓಮು ಎರಡನೇತ್ತಾಕ ಹೋಗಿ ನಾ ಇಲ್ಲೇ ಉಳದ್ರ, ನಾ ಸಾಲಿಗೇ ಹೋಗಂಗಿಲ್ಲ. ಭಾಂಡಿ ಮಾರ್ಕೋತ ಕುಂದರ್ತೀನಿ.'

ಅವಳು ತಮಾಷೆ ಮಾಡುತ್ತಿರಲಿಲ್ಲ. ಸಂಗೀತಾ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಯಿ ಗಲ್ಲಾದ ಕಡೆ ತಿರುಗಿ ಬೇಡದಿದ್ದರೂ ಒಂದು ತಾಟು ಒರೆಸಿದರು.

ಹೆಸರು ಬರಿ ಅಂದೆ. ಬಲಗಡೆಯಿಂದ ಶುರು ಮಾಡಿ ಎಡಕ್ಕೆ ಬಂದಳು. ಒಂದೊಂದು ಅಕ್ಷರವೂ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿತ್ತು, ಆದರೆ ಎಷ್ಟು ದುಂಡಗೆ! ನನ್ನ ಸೀದಾ ಅಕ್ಷರ ಅದರ ಪಕ್ಕದಲ್ಲಿ ಜ್ವರ ಬಂದು ಎದ್ದವರಂತೆ ಕಾಣುತ್ತಿತ್ತು. ಇನ್ನೊಂದು ಸಲ ಬರಿ ಅಂದೆ. ಈ ಸಲ ಅರ್ಧ ಸೀದಾ, ಅರ್ಧ ಉಲ್ಟಾ. ಅಂಕಿ ಬರಿ ಅಂದರೆ ಮೂರು ಆ ಕಡೆ ನೋಡುತ್ತಿತ್ತು, ಏಳು ಈ ಕಡೆ. ಹನ್ನೆರಡು ಬರಿ ಅಂದರೆ ಇಪ್ಪತ್ತೊಂದು. ಪುಸ್ತಕದಲ್ಲಿ 'ಸರ' ಇದ್ದರೆ ಅವಳ ಬಾಯಲ್ಲಿ 'ರಸ'. ಆ ದಿನದ ಪುಟದಲ್ಲಿ ಕಡ್ಡಿಗೆರೆಗೆ ಜಾಗ ಸಾಲದೆ ತಿಂಡಿಯ ಸಾಲಿಗೂ ನುಗ್ಗಿದ್ದೇನೆ. (ಶೇಂಗಾ ಹೋಳಿಗೆ.)

ನನ್ನ ಮೊದಲ ವಿಧಾನ ನನಗೆ ಕಲಿಸಿದವರ ವಿಧಾನವೇ: ತಪ್ಪಿದ್ದನ್ನು ಹತ್ತು ಸಲ ಬರಿ. ಅಂಬು ಉಲ್ಟಾ ಮೂರನ್ನು ಹತ್ತು ಸಲ ಬರೆದಳು. ಹತ್ತೂ ಒಂದೇ ತರಹ, ಹತ್ತೂ ಉಲ್ಟಾ. ಮೊದಲು ಅನುಮಾನದಿಂದ ಬರೆಯುತ್ತಿದ್ದದ್ದನ್ನು ಈಗ ಧೈರ್ಯದಿಂದ ಬರೆಯತೊಡಗಿದಳು.

'ಅಂಬು, ಇದು ಆ ಕಡಿ ಮಾರಿ ಮಾಡ್ಯದ ನೋಡು.'

'ಮಾಡಲಿ ಬಿಡ್ರಿ ಟೀಚರ್.'

'ಹಂಗ ಮಾಡಬಾರದು.'

'ಯಾಕ? ಚಂಬು ಈ ಕಡಿ ಮಾರಿ ಮಾಡಿಟ್ರೂ ಚಂಬು, ಆ ಕಡಿ ಮಾಡಿಟ್ರೂ ಚಂಬು. ಮೂರು ಯಾಕ ಹಂಗಿಲ್ಲ?'

ಬಿ.ಎಡ್‌ನ ನಾಲ್ಕು ಪುಸ್ತಕ ನನ್ನ ಚೀಲದಲ್ಲಿದ್ದವು. ನಾಲ್ಕನ್ನೂ ತಿರುವಿ ಹಾಕಿದೆ, ಚಂಬಿನ ಸುದ್ದಿ ಒಂದರಲ್ಲೂ ಇರಲಿಲ್ಲ. ಆ ರಾತ್ರಿ ಊಟದ ತಾಟಿನ ಮುಂದೆ ಕೂತು ಚಂಬನ್ನು ಹಾಗೂ ಹೀಗೂ ತಿರುಗಿಸಿದೆ. ಹೌದು, ಚಂಬು ಚಂಬೇ. ಹುಟ್ಟಿದಾಗಿನಿಂದ ಭಾಂಡೆಗಳ ನಡುವೆ ಬೆಳೆದ ಹುಡುಗಿ, ಯಾವ ವಸ್ತು ಹೇಗೆ ತಿರುಗಿದರೂ ಅದೇ ಅಂತ ಕಲಿತಿದ್ದಾಳೆ. ಅದು ಸರಿಯಾದ ಪಾಠವೇ. ಅಕ್ಷರ ಮಾತ್ರ ಲೋಕದ ಈ ನಿಯಮಕ್ಕೆ ಹೊರಗಿದೆ ಅಂತ ಅವಳಿಗೆ ಯಾರೂ ಹೇಳಿಲ್ಲ.

ಎರಡನೇ ಎಡವಟ್ಟು ಜಾಗದ್ದು. ಪಾಠ ನಡೆಯುತ್ತಿದ್ದದ್ದು ಅಂಗಡಿಯ ಹಿಂದಿನ ಕೋಣೆಯಲ್ಲಿ. ನಾನು ದೊಡ್ಡ ಅಕ್ಷರದ ರಟ್ಟು ಎತ್ತಿ ಹಿಡಿಯುತ್ತಿದ್ದೆ, ಅಂಬು ಪಕ್ಕದ ಗೋಡೆಯ ಕಡೆ ನೋಡುತ್ತಿದ್ದಳು.

'ರಟ್ಟು ನೋಡವ್ವ, ಎಲ್ಲಿ ನೋಡಾಕತ್ತಿ?'

'ಕೊಡದಾಗ ಇನ್ನೂ ಚೊಲೋ ಕಾಣತದ್ರಿ. ದುಂಡಗ!'

ತಿರುಗಿ ನೋಡಿದೆ. ಗೋಡೆತುಂಬ ಪಳಪಳ ಸ್ಟೀಲ್ ಕೊಡಗಳು. ಒಂದೊಂದರಲ್ಲೂ ನನ್ನ ರಟ್ಟಿನ ಅಕ್ಷರ, ಎಲ್ಲವೂ ಉಲ್ಟಾ, ಹೊಟ್ಟೆ ಉಬ್ಬಿಸಿಕೊಂಡು ನಿಂತಿದ್ದವು. ಅಕ್ಷರ ತಿರುಗಿಸುವ ಹುಡುಗಿಗೆ ಎರಡು ವಾರ ಕನ್ನಡಿಗಳ ನಡುವೆ ಕೂಡಿಸಿ ಪಾಠ ಹೇಳಿದ್ದೆ. ನಗು ತಡೆಯಲಾಗದೆ ರಟ್ಟು ಕೈಬಿಟ್ಟೆ, ಅದು ಬಿದ್ದು ಬೋಗಾಣಿಯ ಸಾಲು ಉರುಳಿ, ಬಜಾರಿನ ಆ ತುದಿಯವರೆಗೆ ಸದ್ದು ಹೋಯಿತು. 'ಕಲಸೋದು ಬಿಟ್ಟು ಬ್ಯಾಂಡ್ ಬಾರಸಾಕತ್ತಾಳೇನು?' ಅಂತ ಗಲ್ಲಾದಿಂದ ಕೂಗು. ಮರುದಿನ ಕೊಡಗಳಿಗೆಲ್ಲ ಹಳೇ ಚಾದರ ಹೊದಿಸಿದೆವು. ಘಾಟಬೋರಾಳದಿಂದ ಬಂದ ಗಿರಾಕಿ ಒಬ್ಬರು ಒಳಗೆ ಇಣುಕಿ, ದನಿ ತಗ್ಗಿಸಿ, 'ಮನ್ಯಾಗ ಯಾರಿಗರ ಏನರ ಆತೇನ್ರಿ?' ಅಂತ ವಿಚಾರಿಸಿದರು. ಆಯಿ ಚಾದರ ಕಿತ್ತು ಎಸೆದರು. ನಾನೂ ಅಂಬುವೂ ಮುಂದಿನ ಕಟ್ಟೆಗೆ, ಚಾಚಾನ ಪಕ್ಕಕ್ಕೆ ವರ್ಗವಾದೆವು.

ಈ ಹೊತ್ತಿಗೆ ನಾನು ತಾಲ್ಲೂಕಿನಲ್ಲಿ ಇಂಥ ಮಕ್ಕಳಿಗೆ ಕಲಿಸುವ ವಿಶೇಷ ಶಿಕ್ಷಕರೊಬ್ಬರನ್ನು ಹುಡುಕಿಕೊಂಡು ಹೋಗಿದ್ದೆ. ಅವರು ನನ್ನ ಕಡ್ಡಿಗೆರೆಗಳನ್ನು ಒಂದೊಂದಾಗಿ ನೋಡಿದರು. 'ಹುಡುಗಿ ದಡ್ಡಿ ಅಲ್ಲ. ಈ ತರಹದ ಮಕ್ಕಳು ಎಲ್ಲ ಸಾಲ್ಯಾಗೂ ಇರ್ತಾರ. ಬಹಳ ಬರಸಬ್ಯಾಡ್ರಿ. ಒಂದೊಂದೇ ಅಕ್ಷರ ತಗೋರಿ, ಬೆರಳಿಂದ ಮುಟ್ಟಿ ತಿದ್ದೋ ಹಂಗ ಏನರ ಮಾಡ್ರಿ' ಅಂದರು. ರೇಖಾ, ಇಂಥ ಮಗು ನಿನಗೂ ಸಿಗುತ್ತದೆ. ನಿನ್ನ ಬುದ್ಧಿಯನ್ನೇ ನಂಬಿ ಕೂಡಬೇಡ, ತಿಳಿದವರನ್ನು ಬೇಗ ಕೇಳು. ನಾನು ಒಂದು ತಿಂಗಳು ತಡಮಾಡಿದೆ.

ಮುಟ್ಟುವ ಅಕ್ಷರಕ್ಕೆ ಮೊದಲು ಪರಾತದಲ್ಲಿ ಜೋಳದ ಹಿಟ್ಟು ಹರವಿ ಬೆರಳಾಡಿಸಿದೆವು. ಆಯಿ ಬಂದು ನೋಡಿ, 'ಇದು ಸಾಲಿಯೋ ಗಿರಣಿಯೋ?' ಅಂದು ಹಿಟ್ಟನ್ನು ಬಳಿದುಕೊಂಡು ಹೋದರು. ಆ ಸಂಜೆ ರೊಟ್ಟಿ ನನಗೂ ಬಂತು. ಯಾವ ಅಕ್ಷರದ ರೊಟ್ಟಿ ಅಂತ ಅಂಬು ಕೇಳಿದಳು.

ಆಗ ಚಾಚಾನ ಉಳಿ ಟಕಟಕ ಅನ್ನುತ್ತಿದ್ದದ್ದು ನನ್ನ ತಲೆಗೆ ಬಡಿಯಿತು. ಚುಕ್ಕಿಗಳು! ಬೆರಳಿಗೆ ಸಿಗುವ ಅಕ್ಷರ ಕಣ್ಣೆದುರಿಗೇ ತಯಾರಾಗುತ್ತಿದೆ! ಡೈರಿ ತೆಗೆದು ಕಡ್ಡಿಗೆರೆ ಎಣಿಸಿ, ಅಂಬುಗೆ ಹೆಚ್ಚು ಕಾಡುವ ಒಂಬತ್ತು ಅಕ್ಷರ, ನಾಲ್ಕು ಅಂಕಿ ಆರಿಸಿದೆ. ಆಯಿ ನೆಗ್ಗಿದ ಅಲ್ಯೂಮಿನಿಯಂ ಮುಚ್ಚಳಗಳನ್ನು ಹುಡುಕಿ ಕೊಟ್ಟರು. ಚಾಚಾ ಒಂದೊಂದು ಮುಚ್ಚಳದ ಮೇಲೆ ಒಂದೊಂದು ಅಕ್ಷರ ಬಡಿದುಕೊಟ್ಟರು. 'ತಗೋರಿ ಟೀಚರಮ್ಮಾ, ಮಳಿ ಬರ್ಲಿ ಬಿಸಿಲು ಬರ್ಲಿ, ಈ ಅಕ್ಷರ ಹೋಗಂಗಿಲ್ಲ.'

ಆ ಸೋಮವಾರದಿಂದ ಶನಿವಾರದವರೆಗೆ ಅಂಬು ಮುಚ್ಚಳ ತೊಡೆಯ ಮೇಲಿಟ್ಟುಕೊಂಡು ಕಣ್ಣುಮುಚ್ಚಿ ಬೆರಳಾಡಿಸಿದಳು. ಏನು ಶ್ರದ್ಧೆ! ನನ್ನ ಗೆರೆಗಳು ಕಡಿಮೆಯಾಗುತ್ತವೆ ಅಂತ ಕಾದೆ. ಅವು ಏರಿದವು. ಶನಿವಾರ ಒಂಬತ್ತಕ್ಕೆ ಒಂಬತ್ತೂ ಉಲ್ಟಾ. ಅಷ್ಟು ಪಕ್ಕಾ ಉಲ್ಟಾ ಹಿಂದೆಂದೂ ಬರೆದಿರಲಿಲ್ಲ. ನಾನು ಹೈರಾಣಾಗಿ ಅವಳ ಪಕ್ಕ ಕುಸಿದು ಕೂತು, ಆಗ ಮೊದಲ ಸಲ ಅವಳ ಕೈ ನೋಡಿದೆ. ಮುಚ್ಚಳವನ್ನು ಮಗುಚಿ ಹಿಡಿದಿದ್ದಳು.

'ಅಂಬು! ಹಿಂದಿನ ಮಗ್ಗಲ ಯಾಕ ಮುಟ್ಟಾಕತ್ತಿ?'

'ಮುಂದ ಬರೇ ತಗ್ಗು ಅದಾವ್ರಿ ಟೀಚರ್, ಬೆರಳಿಗೆ ಹತ್ತಂಗಿಲ್ಲ. ಹಿಂದ ಉಬ್ಬ್ಯಾವ. ಮಸ್ತ್ ಹತ್ತತಾವ!'

ತೆಳುವಾದ ಮುಚ್ಚಳ. ಮುಂದೆ ಹೊಡೆದ ಚುಕ್ಕಿ ಹಿಂದೆ ಉಬ್ಬಿ ಬಂದಿದೆ, ಅಕ್ಷರ ಅಲ್ಲಿ ತಿರುಗಿದೆ. ಆರು ದಿನ ನಾನು ಆ ಹುಡುಗಿಗೆ ಉಲ್ಟಾ ಬರೆಯುವ ವಿದ್ಯೆಯನ್ನು ಶಾಸ್ತ್ರೋಕ್ತವಾಗಿ ಕಲಿಸಿದ್ದೆ, ಅವಳು ನೂರಕ್ಕೆ ನೂರು ಕಲಿತಿದ್ದಳು. ಕಟ್ಟೆಯ ಮೇಲೆ ಬಿದ್ದು ನಕ್ಕೆ. ಯಾಕೆ ಅಂತ ತಿಳಿಯದಿದ್ದರೂ ಅಂಬು ನನಗಿಂತ ಜೋರು ನಕ್ಕಳು. ಚಾಚಾ ಸುತ್ತಿಗೆ ಕೆಳಗಿಟ್ಟರು.

ಉಪಾಯ ಸರಳವಾಗಿತ್ತು. ಹಿಂದಿನಿಂದ ಉಲ್ಟಾ ಬಡಿದರೆ ಮುಂದೆ ಸೀದಾ ಅಕ್ಷರ ಉಬ್ಬಿ ಬರುತ್ತದೆ. ಚಾಚಾಗೆ ಹೇಳಿದೆ. ಅವರು ಹೊಸ ಮುಚ್ಚಳ ಮಗುಚಿ ಹಾಕಿ, ಉಳಿ ಇಟ್ಟು, ತೆಗೆದು, ಮತ್ತೆ ಇಟ್ಟು, ಕಿವಿ ಹಿಡಿದುಕೊಂಡರು.

'ತೋಬಾ ತೋಬಾ. ನಲವತ್ತು ವರ್ಷ ಈ ಕೈ ಸೀದಾ ನಡದದ. ಈಗ ಉಲ್ಟಾ ನಡಿ ಅಂದ್ರ ಹ್ಯಾಂಗ ಕೇಳತದ? ನೀವು ಗುರ್ತು ಹಾಕಿಕೊಡ್ರಿ, ನಾ ಅದರ ಮ್ಯಾಲ ಬಡೀತೀನಿ.'

ನಾನು ಮಾರ್ಕರ್ ಪೆನ್ನು ಹಿಡಿದು ಉಲ್ಟಾ 'ಲ' ಬರೆದೆ. ಜಿಲೇಬಿ ಆಯಿತು. ಅಂಬುವಿನ ತಂದೆ ಶಿವರಾಜ ಅಂಗಡಿಯಿಂದ ಎದ್ದುಬಂದು, 'ಅದರಾಗೇನದ, ಕೊಡ್ರಿ ಇಲ್ಲಿ' ಅಂದರು. ಅವರ 'ಎ' ಅಕ್ಷರ ಸತ್ತ ಚೇಳಿನಂತೆ ಬಂತು. ಓಂಕಾರ ಬರೆದ ಉಲ್ಟಾ ಏಳು ಸೀದಾ ಏಳೇ ಆಗಿತ್ತು, ಸುಮ್ಮನೆ ಬಗ್ಗಿಸಿದ್ದ. ಅಂಬು ಒಬ್ಬೊಬ್ಬರ ಮುಚ್ಚಳವನ್ನೂ ನೋಡಿದಳು. ಲೋಕದಲ್ಲಿ ದೊಡ್ಡವರಿಗೆ ಬಾರದ ಸಂಗತಿ ಒಂದು ಇದೆ ಅಂತ ಅವಳಿಗೆ ಆಗ ತಿಳಿದಿರಬೇಕು. ಪೆನ್ನು ಕಸಿದುಕೊಂಡು ಒಂದೇ ಎಳೆತಕ್ಕೆ ಬರೆದಳು: ಉಲ್ಟಾ 'ಲ', ಉಲ್ಟಾ 'ಎ', ಉಲ್ಟಾ ಏಳು.

ಚಾಚಾ ಅದರ ಮೇಲೆ ಬಡಿದು ಮುಚ್ಚಳ ಹೊರಳಿಸಿದರು. ಮುಂದೆ ಸೀದಾ 'ಲ', ಮುತ್ತು ಪೋಣಿಸಿದ ಹಾಗೆ ಉಬ್ಬಿ ನಿಂತಿತ್ತು.

'ವಾಹ್ ಉಸ್ತಾದ್!' ಅಂದರು ಚಾಚಾ. ಅಂದಿನಿಂದ ಬಜಾರಿನಲ್ಲಿ ಅವಳ ಹೆಸರು ಉಸ್ತಾದ್.

ಆಯಿ ಗಲ್ಲಾ ಬಿಟ್ಟು ಎದ್ದು ಬಂದರು. 'ಇಷ್ಟು ದಿನ ಇದಕ್ಕೇ ಏನು ನೀವು ಕೂಸಿಗೆ ಬೈದದ್ದು?' ಅಂತ ಎಲ್ಲರನ್ನೂ ಸಾಲಾಗಿ ಬೈದರು. ಬೈದವರಲ್ಲಿ ಮೊದಲಿನವರು ಅವರೇ ಆಗಿದ್ದರು. ಯಾರಿಗೂ ನೆನಪಿಸುವ ಧೈರ್ಯ ಬರಲಿಲ್ಲ.

ನಿಜವಾದ ಮಜಾ ಆಮೇಲೆ. ಉಲ್ಟಾ ಬರೆಯುವುದೇ ಈಗ ಕೆಲಸ. ಅಂಬುವಿನ ಕೈ ಒಮ್ಮೆ ಹಾಗೆ, ಒಮ್ಮೆ ಹೀಗೆ ಹೋಗುವ ಕೈ. ನಾಲ್ಕನೇ ಮುಚ್ಚಳದಲ್ಲಿ 'ಜ' ಸೀದಾ ಬಂತು. ಓದು ಬರದ ಆಯಿ ನನ್ನ ರಟ್ಟಿನ ಅಕ್ಷರವನ್ನೂ ಮುಚ್ಚಳದ್ದನ್ನೂ ಪಕ್ಕಪಕ್ಕ ಹಿಡಿದು ನೋಡಿ ಗುಡುಗಿದರು.

'ಏ ಅಂಬು! ಸೀದಾ ಬರದೀಯಲ್ಲ! ಕಣ್ಣು ಎಲ್ಲಿಟ್ಟೀದಿ? ಅಳಿಸು!'

'ತಪ್ಪಾತು ಆಯಿ, ಉಲ್ಟಾ ಬರೀತೀನಿ!'

ಸೀದಾ ಬರೆದದ್ದಕ್ಕೆ ಬೈಸಿಕೊಂಡ ಹುಡುಗಿ ಇವಳೊಬ್ಬಳೇ ಇರಬೇಕು. ನಾವೆಲ್ಲ ನಗುತ್ತಿದ್ದಾಗ ಅವಳು ನಗಲಿಲ್ಲ. ರಟ್ಟು ನೋಡಿದಳು, ಮುಚ್ಚಳ ನೋಡಿದಳು. ತಲೆ ಒಂದು ಕಡೆ ವಾಲಿಸಿದಳು. 'ಟೀಚರ್, ಈ ಡೊಂಕು ರಟ್ಟಿನ್ಯಾಗ ಯಾವ ಕಡಿ ಅದ? ನಾ ಯಾವ ಕಡಿ ಒಯ್ಬೇಕು?'

ನನ್ನ ನಗು ನಿಂತಿತು. ಎರಡು ತಿಂಗಳಲ್ಲಿ ಅವಳು ಯಾವ ಕಡೆ ಅಂತ ಕೇಳಿದ್ದು ಇದೇ ಮೊದಲು. ಉಲ್ಟಾ ಬೇಕೆಂದೇ ಬರೆಯಬೇಕಾದರೆ ಸೀದಾ ಯಾವುದೆಂದು ಗೊತ್ತಿರಲೇಬೇಕಲ್ಲ! ನಾನು ಪಾಠವಾಗಿ ಹೇಳಿದಾಗ ಬೇಡವಾಗಿದ್ದದ್ದು, ಉಸ್ತಾದ್ ಆದಮೇಲೆ ಅವಳಿಗೇ ಬೇಕಾಯಿತು.

ಆಮೇಲೆ ಅದೇ ನಮ್ಮ ಆಟ. ಒಂದು ಮುಚ್ಚಳ ಚಾಚಾಗೆ, ಉಲ್ಟಾ. ಒಂದು ಸ್ಲೇಟು-ಪಾಟಿ ನನಗೆ, ಸೀದಾ. ಮುಚ್ಚಳ ಬಡಿದಾದ ಮೇಲೆ ಮುಂದಿನ ಉಬ್ಬಿದ ಅಕ್ಷರವನ್ನು ಬೆರಳಿಂದ ತಿದ್ದುವುದು. ಸಂಕ್ರಾಂತಿಯ ಹೊತ್ತಿಗೆ ಕಡ್ಡಿಗೆರೆಗಳು ಅರ್ಧಕ್ಕಿಳಿದವು. ಒಂದು ವಾರ ಇಳಿದರೆ ಒಂದು ವಾರ ಏರುತ್ತಿದ್ದವು, ಅದನ್ನೂ ಬರೆದಿದ್ದೇನೆ. ಇಂಥ ಮಕ್ಕಳ ದಾರಿ ನಮ್ಮ ಕಡೆಯ ರೋಡಿನ ಹಾಗೆ, ಗುಂಡಿ ಬರುತ್ತವೆ.

ಒಂದು ಗುಂಡಿ ದುಬಲಗುಂಡಿ ಊರಿನವರ ಆರ್ಡರಿನಲ್ಲಿ ಬಂತು. ಮದುವೆಗೆಂದು ಒಬ್ಬ ಹೆಂಗಸು ತಾಟು ಕೊಂಡು, ಅತ್ತೆಯ ಹೆಸರು ಹಾಕಿರಿ ಅಂತ ಚೀಟಿ ಕೊಟ್ಟು ಹೋಗಿದ್ದಳು. ಚಾಚಾ ನಮಾಜಿಗೆ ಎದ್ದು ಹೋದಾಗ ಉಸ್ತಾದ್ ತಾನೇ ಮೂರು ತಾಟಿಗೆ ಗುರುತು ಹಾಕಿಟ್ಟಳು, ಮುಚ್ಚಳದ ರೂಢಿಯಲ್ಲಿ. ಚಾಚಾ ಬಂದು, ಓದಿ ನೋಡದೆ, ಗುರುತಿನ ಮೇಲೆ ಬಡಿದರು. ಮೂರು ತಾಟಿನ ಮೇಲೆ ಅತ್ತೆಯ ಹೆಸರು ಕನ್ನಡಿಯೊಳಗಿನಿಂದ ಎದ್ದು ಬಂದಿತ್ತು. ಸಂಜೆ ಆ ಹೆಂಗಸು ಬಂದಳು. ಅಂಬು ಪರಾತದ ಹಿಂದೆ ಅಡಗಿದಳು. ನಾನೂ ಅಡಗಿದೆ. ಆಯಿ ಮಾತ್ರ ತಾಟನ್ನು ಸ್ಟೀಲ್ ಕೊಡದ ಮುಂದೆ ಹಿಡಿದು, 'ಹಿಂಗ ಹಿಡದು ಓದ್ರಿ ಯವ್ವಾ, ಹೊಸಾ ಫ್ಯಾಷನ್' ಅಂದರು.

ಆ ಹೆಂಗಸು ತಾಟು ನೋಡಿದಳು, ಕೊಡ ನೋಡಿದಳು. 'ನಮ್ಮತ್ತಿ ಹೆಸರು ಉಲ್ಟಾ ಬಂತಾ? ಇರ್ಲಿ ಬಿಡ್ರಿ, ಬರೋಬರಿ ಅದ. ಆಕಿ ಇರೋದೇ ಹಂಗ' ಅಂದು ಮೂರನ್ನೂ ಚೀಲಕ್ಕೆ ಹಾಕಿಕೊಂಡಳು.

ಏಪ್ರಿಲ್ ಬಂತು. ಪರೀಕ್ಷೆಗಳೆಲ್ಲ ಮುಗಿದ ಮಧ್ಯಾಹ್ನ ದೊಡ್ಡ ಟೀಚರ್ ಅಂಬುವನ್ನು ಕರೆಸಿದರು. ಸಂಗೀತಾ ಮನೆಯಲ್ಲಿ ದೇವರ ಮುಂದೆ ಕೂತಿದ್ದರು, ಆಯಿ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಜಗಳಾಡುತ್ತಿದ್ದರಂತೆ. ನಾನು ಒಂದನೇತ್ತಾದ ಕಿಟಕಿಯ ಹೊರಗೆ, ಪಕ್ಕದಲ್ಲಿ ಓಂಕಾರ. ಮುಚ್ಚಳ ಒಳಗೆ ಒಯ್ಯುವ ಹಾಗಿಲ್ಲ ಅಂದಿದ್ದರು.

ಪಾಠ ಓದು ಅಂದರು. ಅಂಬು ಒಂದೊಂದು ಅಕ್ಷರದ ಮೇಲೂ ಬೆರಳಾಡಿಸುತ್ತ ಓದತೊಡಗಿದಳು. ಎತ್ತಿನಗಾಡಿ ದಿಬ್ಬ ಹತ್ತಿದ ಹಾಗೆ.

'ಬೆರಳು ತಗದು ಓದು.'

'ಬೆರಳು ತಗದ್ರ ಅವು ಹೊಳ್ಳತಾವ್ರಿ ಟೀಚರ್.'

ದೊಡ್ಡ ಟೀಚರ್ ಪುಸ್ತಕವನ್ನು ಅವಳ ಬೆರಳಿನ ಕಡೆ ಸರಿಸಿದರು. ಅಂಬು ಪುಟದ ಕೊನೆ ಮುಟ್ಟಿದಾಗ ನನ್ನ ಅಂಗೈಯಲ್ಲಿ ಕಿಟಕಿಯ ಸರಳಿನ ಗುರುತು ಮೂಡಿತ್ತು.

ಬೋರ್ಡಿನ ಮೇಲೆ ಅಂಕಿ. ಇಪ್ಪತ್ತರವರೆಗೆ ಚೆಂದ. ಇಪ್ಪತ್ತೊಂಬತ್ತು ದಾಟಿ ಮೂವತ್ತು ಬರೆಯುವಾಗ ಮೂರು ಆ ಕಡೆ ತಿರುಗಿತು. ಓಂಕಾರ ನನ್ನ ಓಢಣಿ ಹಿಡಿದೆಳೆದ. 'ಟೀಚರ್, ಉಲ್ಟಾ!' ನಾನು ಅವನ ಬಾಯಿ ಮುಚ್ಚಿದೆ. ಅಂಬು ಮುಂದಿನ ಅಂಕಿಗೆ ಕೈ ಎತ್ತಿದಳು, ನಿಲ್ಲಿಸಿದಳು. ಎರಡು ಹೆಜ್ಜೆ ಹಿಂದೆ ಸರಿದಳು. ತಲೆ ವಾಲಿಸಿದಳು.

'ಥೂ, ಇದು ಮುಚ್ಚಳಕ್ಕ ಬರಿಯೋದು' ಅಂದು ಅಂಗೈಯಿಂದ ಒರೆಸಿ ಸೀದಾ ಬರೆದಳು.

'ಯಾರು ಹೇಳಿದ್ರು?' ದೊಡ್ಡ ಟೀಚರ್ ಕಿಟಕಿಯ ಕಡೆ ನೋಡಿದರು. ನಾನು ತಗ್ಗಿದೆ.

'ಯಾರೂ ಹೇಳಿಲ್ರಿ. ನನಗೇ ಕಾಣಸ್ತು.'

ಎಂಬತ್ತನಾಲ್ಕಿನ ಜಾಗದಲ್ಲಿ ನಲವತ್ತೆಂಟು ಬಂತು. ಅದು ಅವಳಿಗೆ ಕಾಣಲಿಲ್ಲ, ದೊಡ್ಡ ಟೀಚರಿಗೆ ಕಂಡಿತು. ನೂರು ಬರೆದು ಮುಗಿಸಿ ಅಂಬು ಸೀಮೆಸುಣ್ಣವನ್ನು ಕಿಸೆಗೆ ಹಾಕಿಕೊಂಡು ನಿಂತಳು. ದೊಡ್ಡ ಟೀಚರ್ ಆ ನಲವತ್ತೆಂಟಕ್ಕೆ ಒಂದು ಸುತ್ತು ಹಾಕಿದರು. 'ಇನ್ನೂ ತಪ್ಪದಾವ' ಅಂದರು. ಓಂಕಾರ ಮತ್ತೆ ನನ್ನ ಓಢಣಿ ಹಿಡಿದ. 'ಆದ್ರ ತನ್ನ ತಪ್ಪು ತಾನೇ ಹಿಡಿಯಾಕತ್ಯಾಳ. ಇಕಿನ್ನ ಇನ್ನೊಂದು ವರ್ಷ ಇಲ್ಲೇ ಕೂಡ್ಸಿ ನಾ ಏನ್ ಮಾಡ್ಲಿ? ಹೋಗವ್ವ, ಎರಡನೇತ್ತಾಕ ಹೋಗು.'

ಅಂಬು ಹೋದಳು. ಅಂದರೆ ಆ ಬಾಗಿಲಿನಿಂದ ಹೊರಬಿದ್ದು, ನನ್ನನ್ನು ದಾಟಿ ಓಡಿ, ಪಕ್ಕದ ಎರಡನೇತ್ತಾ ಕೋಣೆಗೆ ನುಗ್ಗಿ ಮೊದಲನೇ ಬೆಂಚಿನಲ್ಲಿ ಕೂತುಬಿಟ್ಟಳು. ಓಂಕಾರನೂ ಹೋಗಿ ಪಕ್ಕದಲ್ಲಿ ಕೂತ.

'ಅಂಬು, ಏಳು, ಮನಿಗೆ ಹೋಗೂನು. ಸಾಲಿ ಶುರು ಆದಮ್ಯಾಲ ಬಂದು ಕುಂದ್ರೀಯಂತ.'

'ಊಂಹೂಂ. ಎದ್ರ ದೊಡ್ಡ ಟೀಚರ್ ಮನಸ್ಸು ಹೊಳ್ಳತದ.'

ದೊಡ್ಡ ಟೀಚರ್ ಬಾಗಿಲಿಗೆ ಬಂದು, ಮನಸ್ಸು ಬದಲಾಗುವುದಿಲ್ಲ ಅಂತ ಆಣೆ ಮಾಡಿದರು. ಅಂಬು ಬೆಂಚನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು. ಶಿವರಾಜರಿಗೆ ಫೋನ್ ಮಾಡಿದೆ. ಅವರ ಬದಲು ಆಟೋದಲ್ಲಿ ಆಯಿ ಇಳಿದರು, ಕೈಯಲ್ಲಿ ಪೇಢೆಯ ಡಬ್ಬಿ. ಸುದ್ದಿ ಪೂರ್ತಿ ಕೇಳಿದರು. ಎಬ್ಬಿಸಿಕೊಂಡು ಹೋಗುತ್ತಾರೆ ಅಂದುಕೊಂಡೆ. ಅವರು ಕೋಣೆಯನ್ನೊಮ್ಮೆ ಸುತ್ತ ನೋಡಿ, 'ಸರಿ ಅತ್ತಾಗ' ಅಂದು ಮೊಮ್ಮಗಳ ಪಕ್ಕದಲ್ಲಿ, ಆ ಗೇಣುದ್ದದ ಬೆಂಚಿನಲ್ಲಿ, ಸೀರೆ ಒಟ್ಟು ಮಾಡಿಕೊಂಡು ತೂರಿಕೊಂಡರು. ಓಂಕಾರ ಆ ತುದಿಯಿಂದ ಕೆಳಗೆ ಬಿದ್ದ. ಪೇಢೆಯ ಡಬ್ಬಿ ತೆರೆಯಿತು.

ಶಾಲೆಯ ಜವಾನ ಬೀಗದ ಗೊಂಚಲು ಅಲ್ಲಾಡಿಸುತ್ತ ಬಾಗಿಲಲ್ಲಿ ಬಂದು ನಿಂತ.

'ಹೊತ್ತಾತ್ರಿ ಯವ್ವಾ. ಕೋಣಿಗೆ ಕೀಲಿ ಹಾಕಬೇಕ್ರಿ.'

'ಹಾಕ್ಕೊಂಡು ಹೋಗಪಾ' ಅಂದರು ಆಯಿ, ಅವನ ಕೈಗೊಂದು ಪೇಢೆ ಇಟ್ಟು. 'ಜೂನ್‌ದಾಗ ಬಂದು ತಗಿ.'